ಕರಡಿಗೆ ಹೆಸರಿಟ್ಟವಳು

ತುಂಗಭದ್ರೆಯ ಆಚೆ ದಡದಲ್ಲಿ, ಬಂಡೆಯ ಮೇಲೆ ಬಂಡೆ ಕೂತ ಒಂದು ಬೆಟ್ಟ. ಅದರ ಹೆಸರು ಹೇಳಿದರೆ ಮೂರು ಊರಿನವರು ನಮ್ಮದು ನಮ್ಮದು ಎಂದು ಜಗಳಕ್ಕೆ ಬರುತ್ತಾರೆ. ಹಾಗಾಗಿ ಹೇಳುವುದಿಲ್ಲ.

ಬೆಟ್ಟದ ನಡುವಿನ ಗವಿಯಲ್ಲಿ ಮರುಳಜ್ಜ ಎಂಬ ಗುರು ಇದ್ದ. ಅವನ ವಯಸ್ಸು ಎಪ್ಪತ್ತು ಎನ್ನುವವರಿದ್ದಾರೆ, ನೂರಾ ಹತ್ತು ಎನ್ನುವವರೂ ಇದ್ದಾರೆ. ಕಥೆಗೆ ನೂರಾ ಹತ್ತೇ ಚೆನ್ನ.

ಅವನಲ್ಲಿ ಶಿಷ್ಯರಾಗಲು ಬಂದವರು ಬಾಗಿಲ ಬಂಡೆಯ ಮೇಲೆ ಕೈಯಿಟ್ಟು, "ಗುರು ಹೇಳಿದ್ದನ್ನು ಮೀರುವುದಿಲ್ಲ" ಎಂದು ಆಣೆ ಮಾಡಬೇಕಿತ್ತು. ಹಾಗೆ ಆಣೆ ಮಾಡಿದ ನಲವತ್ತು ಜನ ಬಂದರು. ನಲವತ್ತು ಜನವೂ ಹೋದರು.

ಹುಲಿಗೆವ್ವ ಕೈಯಿಡಲಿಲ್ಲ.

"ಯಾಕವ್ವ?" ಅಂದ ಮರುಳಜ್ಜ.

"ನೀವು ಏನು ಹೇಳ್ತೀರೋ ಗೊತ್ತಿಲ್ದ ಹೆಂಗ ಆಣಿ ಮಾಡ್ಲಿ ಅಜ್ಜಾರ? ಮೊದಲು ಹೇಳ್ರಿ. ಸರಿ ಅನಿಸಿದ್ರ ಮಾಡ್ತೀನಿ."

ಅಜ್ಜ ಆಕೆಯನ್ನು ನೋಡಿದ. ಮೂವತ್ತರ ಆಸುಪಾಸಿನ ಹೆಂಗಸು. ಹತ್ತು ವರ್ಷ ಕುರಿ ಮೇಯಿಸಿದ ಕೈಕಾಲು. ಕಣ್ಣು ಕೆಳಗಿಳಿಯಲೇ ಇಲ್ಲ.

"ಕಸಬರಿಗಿ ಮೂಲ್ಯಾಗ ಐತಿ," ಅಂದ.

ಹೀಗೆ ಆಕೆ ಶಿಷ್ಯೆಯಾದಳು.

ಆ ಚಳಿಗಾಲದಲ್ಲಿ, ಬೆಟ್ಟದ ಹಿಂದಿನ ಹಾಳು ಬಾವಿಗೆ ಹೆಣ್ಣು ಕರಡಿಯೊಂದು ಬಿದ್ದು ಸತ್ತಿತು.

ಮಾರನೆಯ ದಿನ ಸೌದೆಗೆ ಹೋದ ಹುಲಿಗೆವ್ವನಿಗೆ ಬಂಡೆಯ ಸಂದಿಯಿಂದ ಕುಂಯ್ ಕುಂಯ್ ಎಂದು ಕೇಳಿಸಿತು. ಕೈ ಹಾಕಿದಳು. ಹೆಗ್ಗಣದ ಗಾತ್ರದ್ದೊಂದು ಸಿಕ್ಕಿತು. ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಮೈಮೇಲೆ ಕೂದಲೂ ಅಷ್ಟಕ್ಕಷ್ಟೆ.

ಸೌದೆ ಅಲ್ಲೇ ಬಿಟ್ಟು, ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು.

"ಏನದು?" ಅಂದ ಅಜ್ಜ.

"ಕರಡಿ ಕೂಸು."

"ಒಂದೇನ?"

"ಎರಡಿದ್ವು. ಒಂದು ಆಗಲೇ ತಣ್ಣಗಾಗಿತ್ತು."

"ಇದನ್ನೂ ಅಲ್ಲೇ ಇಟ್ಟು ಬಾ."

"ಇಡಂಗಿಲ್ಲ."

"ಗುರು ಹೇಳಾಕತ್ತೀನಿ, ಹುಲಿಗೆವ್ವ."

"ಕೇಳಾಕತ್ತೀನ್ರಿ ಅಜ್ಜಾರ. ಇಡಂಗಿಲ್ಲ."

"ಕಾಡಿಂದು ಕಾಡಿಗೆ ಬಿಡಬೇಕು ತಂಗಿ."

"ಬಿಡ್ತೀನಿ. ಅಲ್ಲಿ ಬದುಕೋದು ಕಲೀಲಿ, ಬಿಡ್ತೀನಿ. ಈಗ ಬಿಟ್ರ ಇದು ಕಾಡಿಗೆ ಹೋಗಂಗಿಲ್ಲ, ಇರುವಿ ಬಾಯಿಗೆ ಹೋಗತೈತಿ."

ಅಜ್ಜ ಎದ್ದು ಒಳಗೆ ಹೋದ. ಸಿಟ್ಟಾದನೆಂದುಕೊಂಡಳು. ಆಡಿನ ಹಾಲಿನ ಗಿಂಡಿ ಹಿಡಿದು ಬಂದು ಆಕೆಯ ಮುಂದೆ ಕುಕ್ಕಿದ.

"ಸಾಕ್ತಿ ಅಂದ್ರ ಸಾಕು. ಆದ್ರ ಹೆಸರು ಮಾತ್ರ ಇಡಬ್ಯಾಡ."

"ಯಾಕ್ರಿ?"

"ಹೆಸರಿಟ್ರ ಕರೀಬೇಕಾಗತೈತಿ."

ಹುಲಿಗೆವ್ವ ಸೆರಗಿನ ತುದಿ ಹೊಸೆದು, ಹಾಲಿನಲ್ಲಿ ಅದ್ದಿ, ಮರಿಯ ಬಾಯಿಗಿಟ್ಟಳು.

"ಕುಡಿಯೋ ಗುಡ್ಡಪ್ಪ," ಅಂದಳು.

ಮೂರು ವಾರವಾದ ಮೇಲೆ ಗುಡ್ಡಪ್ಪ ಕಣ್ಣು ಬಿಟ್ಟ. ಮೊದಲು ಕಂಡದ್ದು ಹುಲಿಗೆವ್ವನ ಮುಖ. ನೋಡಿದ, ಆಕಳಿಸಿದ, ಆಕೆಯ ಹೆಬ್ಬೆರಳು ಚೀಪತೊಡಗಿದ.

ಹುಲಿಗೆವ್ವ ಮಂಕಾದಳು.

"ಅಜ್ಜಾರ, ಇದು ನನ್ನನ್ನ ತಾಯಿ ಅನ್ಕೊಂಡೈತಿ."

"ಹೂಂ."

"ಸುಳ್ಳಲ್ಲೇನ್ರಿ ಅದು?"

"ಹಾಲು ಖರೇ ಇತ್ತೋ ಇಲ್ಲೋ?"

"ಖರೇನ."

"ಮತ್ತೇನು ಕೇಳ್ತಿ? ಗಿಂಡಿ ತೊಳಿ."

ಇನ್ನೊಂದು ವಾರಕ್ಕೆ ಗುಡ್ಡಪ್ಪ ತೂರಾಡುತ್ತ ನಡೆದ. ನಡೆದದ್ದಕ್ಕಿಂತ ಬಿದ್ದದ್ದೇ ಹೆಚ್ಚು. ಮೂರನೆಯ ತಿಂಗಳಿಗೆ ಗವಿಯಿಂದಾಚೆ ಬಂದು, ಬಿಸಿಲು ಕಂಡು ಹೆದರಿ, ಎಗರಿ ಹುಲಿಗೆವ್ವನ ಬೆನ್ನು ಹತ್ತಿ ಕೂತ.

ಕಾಡಿನಲ್ಲಿ ತಾಯಿ ಕರಡಿ ಮರಿಗಳನ್ನು ಬೆನ್ನಿನ ಮೇಲೆ ಹೊತ್ತೇ ತಿರುಗುತ್ತದೆ. ಹಿಡಿದುಕೊಳ್ಳಲೆಂದೇ ಅದರ ಬೆನ್ನಿಗೆ ಜೊಂಪೆ ಕೂದಲು. ಹುಲಿಗೆವ್ವನ ಬೆನ್ನಿಗೆ ಒಂದು ತೆಳು ಕುಬುಸ. ಸಂಜೆಯೊಳಗೆ ಬೆನ್ನೆಲ್ಲ ಗೀರು.

"ಇಳಿಸು," ಅಂದ ಅಜ್ಜ.

"ಇಳಿಸಂಗಿಲ್ಲ. ಅಂಜಿ ಹತ್ತ್ಯಾನ."

ಅಜ್ಜ ತಾನು ಹೊದ್ದಿದ್ದ ಕರಿ ಕಂಬಳಿ ತೆಗೆದು ಆಕೆಯ ಮೇಲೆ ಎಸೆದ.

ಅಂದಿನಿಂದ ಆಕೆ ಕಂಬಳಿ ಹೊದ್ದು, ಮೇಲೆ ಗುಡ್ಡಪ್ಪನನ್ನು ಹೊತ್ತು, ನೀರಿಗೆ ಹೋದಳು, ಸೌದೆಗೆ ಹೋದಳು, ಕಸ ಗುಡಿಸಿದಳು. ದೂರದಿಂದ ನೋಡಿದವರು ಮರುಳಜ್ಜನ ಗವಿಯಲ್ಲಿ ಎರಡು ತಲೆಯ ಹೆಂಗಸೊಬ್ಬಳಿದ್ದಾಳೆ ಎಂದು ಹಬ್ಬಿಸಿದರು. ನೋಡಲು ಜನ ಬಂದರು. ಬಂದವರು ತೆಂಗಿನಕಾಯಿ ತಂದರು. ಅಜ್ಜ ಬೇಡವೆನ್ನಲಿಲ್ಲ.

ಬೋರೆ ಹಣ್ಣಿನ ಕಾಲ ಬಂದಾಗ ಹುಲಿಗೆವ್ವ ಹಣ್ಣು ಅಗಿದು ಅಗಿದು ಮರಿಯ ಬಾಯಿಗಿಟ್ಟಳು.

"ನನಗ ಯಾರೂ ಹಂಗ ಅಗದು ಕೊಡಲಿಲ್ಲ," ಅಂದ ಅಜ್ಜ. "ಎಲ್ಲಾ ನಾನ ಅಗದು ಹಲ್ಲು ಉದುರಿಸಿಕೊಂಡೆ."

"ಬಾಯಿ ತಗೀರಿ, ನಿಮಗೂ ಇಡ್ತೀನಿ."

ಅಜ್ಜ ಬಾಯಿ ತೆಗೆದ. ಆಕೆ ಬೀಜ ಇಟ್ಟಳು.

ಎಂಟು ತಿಂಗಳಾಯಿತು. ಗುಡ್ಡಪ್ಪ ಈಗ ಒಂದು ಟಗರಿನ ತೂಕ. ಆದರೂ ಬೆನ್ನು ಬಿಟ್ಟು ಇಳಿಯಲೊಲ್ಲ. ಹುಲಿಗೆವ್ವ ಬಿಲ್ಲಿನಂತೆ ಬಾಗಿ ನಡೆಯುತ್ತಿದ್ದಳು.

"ಹುಲಿಗೆವ್ವ, ಬೆನ್ನು ಯಾರದು?"

"ನಂದ್ರಿ."

"ಕಾಲು?"

"ಅವೂ ನಂದ."

"ಮತ್ತ ಅವನಿಗೆ ನಾಲ್ಕು ಯಾತಕ್ಕ ಕೊಟ್ಟಾನ ದೇವರು?"

"ದೇವರನ್ನ ಕೇಳ್ರಿ. ನನಗೇನು ಭಾರ ಆಗಿಲ್ಲ."

ಮರುದಿನ ಬೆಳಿಗ್ಗೆ ಕಂಬಳಿ ಇಟ್ಟಲ್ಲಿ ಇರಲಿಲ್ಲ. ಅಜ್ಜ ಹೊದ್ದು ಕೂತಿದ್ದ.

"ಚಳಿ," ಅಂದ.

ಮಳೆ ಕೈಕೊಟ್ಟ ವರ್ಷ. ಬಂಡೆ ಮುಟ್ಟಿದರೆ ಕೈ ಸುಡುತ್ತಿತ್ತು.

ಗುಡ್ಡಪ್ಪ ಬೆನ್ನು ಹತ್ತಿದ. ಹಿಡಿತ ಸಿಗದೆ ಜಾರಿದ. ಮತ್ತೆ ಹತ್ತಿ ಮತ್ತೆ ಜಾರಿದ. ನೆಲದ ಮೇಲೆ ಕೂತು ಬೆಟ್ಟ ಅದುರುವಂತೆ ಅತ್ತ. ಹುಲಿಗೆವ್ವನೂ ಅಳುವುದರಲ್ಲಿದ್ದಳು, ಆದರೆ ಅಜ್ಜ ನೋಡುತ್ತಿದ್ದಾನೆಂದು ಕೊಡ ಎತ್ತಿಕೊಂಡು ಹೊಳೆಯ ದಾರಿ ಹಿಡಿದಳು.

ಸ್ವಲ್ಪ ಹೊತ್ತಿಗೆ ಹಿಂದೆ ಥಪ ಥಪ ಸದ್ದು. ಗುಡ್ಡಪ್ಪ ನಡೆದುಕೊಂಡು ಬರುತ್ತಿದ್ದ.

ಬೆಟ್ಟದಲ್ಲಿ ಕರಡಿಗೆ ದೊಡ್ಡ ಊಟವೆಂದರೆ ಗೆದ್ದಲು. ಹುತ್ತ ಒಡೆದು, ಮಣ್ಣು ಊದಿ ಹಾರಿಸಿ, ತುಟಿ ಕೊಳವೆಯಂತೆ ಮಾಡಿ ಒಳಗಿನದನ್ನು ಎಳೆದುಕೊಳ್ಳಬೇಕು. ಅದಕ್ಕೆಂದೇ ಕರಡಿಯ ಮೇಲಿನ ಸಾಲಿನಲ್ಲಿ ಮುಂದಿನ ಎರಡು ಹಲ್ಲು ಇರುವುದಿಲ್ಲ. ಮಣ್ಣು ಹೋಗದಂತೆ ಮೂಗು ತಾನೇ ಮುಚ್ಚಿಕೊಳ್ಳುತ್ತದೆ. ಸಾಮಾನೆಲ್ಲ ಹುಟ್ಟುತ್ತಲೇ ಬಂದಿರುತ್ತದೆ. ಬಳಸುವುದನ್ನು ತಾಯಿ ತೋರಿಸಬೇಕು.

ಗುಡ್ಡಪ್ಪ ಹುತ್ತದ ಮುಂದೆ ಕೂತು ಹುಲಿಗೆವ್ವನ ಮುಖ ನೋಡಿದ.

"ಅಜ್ಜಾರ, ನನಗ ಬರಂಗಿಲ್ಲ," ಅಂದಳು. ಎಂದೂ ಸೋಲೊಪ್ಪದವಳು ಅಂದು ಒಪ್ಪಿದಳು.

ಅಜ್ಜ ಕೋಲು ಬದಿಗಿಟ್ಟ. ಮಂಡಿಯೂರಿದ. ಹುತ್ತಕ್ಕೆ ಬಾಯಿ ಹಚ್ಚಿ ಫೂ ಎಂದು ಊದಿದ, ಸುರ್ ಎಂದು ಎಳೆದ. ಮುಂದಿನ ಎರಡು ಹಲ್ಲು ಅವನಿಗೂ ಇರಲಿಲ್ಲ, ಹಾಗಾಗಿ ಸದ್ದು ಥೇಟ್ ಕರಡಿಯದೇ. ಹುಲಿಗೆವ್ವನೂ ಬದಿಗೆ ಮಂಡಿಯೂರಿ ಊದಿದಳು. ಕೊನೆಗೆ ಗುಡ್ಡಪ್ಪನೂ ಊದಿದ.

ಮೂವರೂ ಊದುತ್ತಿರುವಾಗ ಬೆಟ್ಟದ ಕೆಳಗಿನ ಊರ ಗೌಡ ಗಾದಿಲಿಂಗಪ್ಪ ಹತ್ತಾರು ಜನರನ್ನು ಕರೆದುಕೊಂಡು ದರ್ಶನಕ್ಕೆ ಬಂದ. ನೋಡಿದ. ಚಪ್ಪಲಿ ಬಿಟ್ಟ. ಏನೂ ಕೇಳದೆ ತಾನೂ ಇನ್ನೊಂದು ಹುತ್ತಕ್ಕೆ ಮಂಡಿಯೂರಿ ಊದಿದ. ಹಿಂದಿನವರೂ ಊದಿದರು.

ಆ ವರ್ಷ ನಾಲ್ಕು ಊರಲ್ಲಿ ಹುತ್ತಕ್ಕೆ ಊದುವ ಸೇವೆ ನಡೆಯಿತಂತೆ. ಒಂದು ಊರಲ್ಲಿ ಈಗಲೂ ಇದೆ ಎನ್ನುತ್ತಾರೆ. ಹೋಗಿ ನೋಡಿದವರಿಲ್ಲ.

ಕೆಡುಕು ಶುರುವಾದದ್ದು ಆಮೇಲೆ.

ಬೆಚ್ಚಿ ಬೀಳುವ ಕೂಸನ್ನು ಕರಡಿಯ ಬೆನ್ನ ಮೇಲೆ ಮೂರು ಸಲ ಕೂರಿಸಿ ಇಳಿಸಿದರೆ ಅಂಜಿಕೆ ಹೋಗುತ್ತದೆಂದು ಆ ಕಡೆಯ ನಂಬಿಕೆ. ಕರಡಿಯ ಕೂದಲನ್ನು ತಾಯತ ಮಾಡಿ ಕಟ್ಟುವುದೂ ಉಂಟು. ಒಬ್ಬ ತಾಯಿ ಕೂಸು ಎತ್ತಿಕೊಂಡು ಬೆಟ್ಟ ಹತ್ತಿದಳು. ಹುಲಿಗೆವ್ವನಿಗೆ ಇಲ್ಲವೆನ್ನಲಾಗಲಿಲ್ಲ. ಗುಡ್ಡಪ್ಪನ ಬಾಯಿಗೆ ಬೆಲ್ಲದ ತುಂಡು ಇಟ್ಟಳು. ಅವನು ಚಪ್ಪರಿಸುವಷ್ಟರಲ್ಲಿ ಕೂಸನ್ನು ಕೂರಿಸಿ ಇಳಿಸಿಯೂ ಆಯಿತು.

ಮರುವಾರ ಐದು ಜನ ಬಂದರು. ಅದರ ಮರುವಾರ ಗಾಡಿಗಳೇ ಬಂದವು.

ಗುಡ್ಡಪ್ಪನಿಗೆ ಎರಡು ವರ್ಷ ತುಂಬಿತು. ಎದೆಯ ಬಿಳಿ ಪಟ್ಟಿ ದೂರದಿಂದಲೇ ಕಾಣುವಷ್ಟು ಅಗಲವಾಯಿತು. ಉಗುರು ಒಂದೊಂದೂ ಕುಡುಗೋಲು. ಆದರೆ "ಗುಡ್ಡಪ್ಪ" ಎಂದರೆ ಓಡಿ ಬಂದು, ಕೂತು, ಬಾಯಿ ತೆರೆಯುತ್ತಿದ್ದ.

ಗಾದಿಲಿಂಗಪ್ಪ ಕೆಂಪು ಬಟ್ಟೆಯಲ್ಲಿ ಏನನ್ನೋ ಸುತ್ತಿಕೊಂಡು ಬಂದ. ಅಜ್ಜನ ಮುಂದೆ ಬಿಚ್ಚಿದ. ಹಿತ್ತಾಳೆಯ ಬಳೆ, ಒಂದು ದಬ್ಬಣ, ಮಾರುದ್ದದ ಹಗ್ಗ.

"ಏನಪ್ಪ ಇದು?"

"ಮೂಗುದಾರ ಅಜ್ಜಾರ. ಕರಡಿ ದೊಡ್ಡದಾತು. ನಾಳೆ ಯಾರ್ದರ ಕೂಸಿಗೆ ಪಂಜಾ ಬಡಿದ್ರ? ಮೂಗು ಚುಚ್ಚಿ ಕಟ್ಟಿದ್ರ ಸಾಧು ಆಗತೈತಿ. ಕೆಳಗ ಅದಕ್ಕಂತನ ಮಂಟಪ ಕಟ್ಟಿಸಾಕತ್ತೀನಿ. ಜನ ಬೆಟ್ಟ ಹತ್ತೋದು ತಪ್ಪತೈತಿ."

ಹುಲಿಗೆವ್ವ ಹೊರಗಿಂದ ಬಂದಳು. ಬಳೆ ಎತ್ತಿ ಕೆಳಗಿನ ಕಣಿವೆಗೆ ಎಸೆದಳು. ಅದು ಬಂಡೆಯಿಂದ ಬಂಡೆಗೆ ಟಣ್ ಟಣ್ ಎನ್ನುತ್ತ ಬಹಳ ಹೊತ್ತು ಹೋಯಿತು.

"ಮೊದಲು ನಿಮ್ಮ ಮೂಗಿಗೆ ಹಾಕಿಸಿಕೊಂಡು ನೋಡ್ರಿ ಗೌಡ್ರ, ಚಂದ ಕಂಡ್ರ ಆಮ್ಯಾಲ ನೋಡೋಣ."

"ಅಜ್ಜಾರ, ಕೇಳಿದ್ರೇನು ನಿಮ್ಮ ಶಿಷ್ಯಳ ಮಾತು!"

"ನಾ ಇನ್ನೂ ಬಳಿ ಸಪ್ಪಳ ಕೇಳಾಕತ್ತೀನಿ," ಅಂದ ಅಜ್ಜ.

ಗಾದಿಲಿಂಗಪ್ಪ ಸಿಡುಕುತ್ತ ಎದ್ದು ಹೋದ. ಹುಲಿಗೆವ್ವ ಗೆದ್ದವಳಂತೆ ಕೂತಳು.

"ಹುಲಿಗೆವ್ವ, ಗುಡ್ಡಪ್ಪ ಏನು ಮಾಡಾಕತ್ತಾನ?"

"ಅಲ್ಲಿ ಹುತ್ತ ಕೆದರಾಕತ್ತಾನ. ಮುಂಜಾನಿಂದ ಹಸದಾನ, ಈಗ ಸಿಕ್ಕೈತಿ ಅವಗ."

"ಕರಿ."

"ಯಾಕ್ರಿ? ತಿನ್ಲಿ ಬಿಡ್ರಿ."

"ಒಮ್ಮೆ ಕರಿ."

"ಗುಡ್ಡಪ್ಪಾ!" ಅಂದಳು.

ಹುತ್ತ ಆಗ ತಾನೇ ಒಡೆದಿತ್ತು. ಬಿಳಿ ಗೆದ್ದಲು ತುಂಬಿ ತುಳುಕುತ್ತಿತ್ತು. ಗುಡ್ಡಪ್ಪ ಅದನ್ನು ಬಿಟ್ಟು ಓಡಿ ಬಂದ, ಆಕೆಯ ಮುಂದೆ ಕೂತ, ಬಾಯಿ ತೆರೆದ.

ಅಜ್ಜ ಬಗ್ಗಿ ಅವನ ಮೂಗನ್ನು ಬೆರಳಿನಿಂದ ಮೆಲ್ಲಗೆ ಸವರಿದ.

"ಗಾದಿಲಿಂಗಪ್ಪಂದು ಹಿತ್ತಾಳಿದು. ಕಣ್ಣಿಗೆ ಕಾಣತೈತಿ, ಕಣಿವಿಗೆ ಒಗದಿ. ನೀ ಹಾಕಿದ್ದನ್ನ ಯಾರು ಒಗೀಬೇಕು?"

ಹುಲಿಗೆವ್ವ ಎರಡು ದಿನ ಅಜ್ಜನ ಜೊತೆ ಮಾತಾಡಲಿಲ್ಲ. ಕಸ ಎಷ್ಟು ಜೋರಾಗಿ ಗುಡಿಸಿದಳೆಂದರೆ ಅವನ ಅಂಬಲಿಯಲ್ಲಿ ಧೂಳು ಕೂತಿತು. ಅಜ್ಜ ಊದಿ ಕುಡಿದ.

ಮೂರನೆಯ ದಿನ ಆಕೆಯೇ ಬಂದು ಕೂತಳು.

"ನಲವತ್ತು ವರ್ಷ ಕರಡಿ ನೋಡೀರಿ. ತಾಯಿ ಮರಿನ್ನ ಎಂದು ಬಿಡ್ತಾಳ?"

"ಎರಡು ತುಂಬಿದ ಮ್ಯಾಲ. ಮೂರು ತುಂಬೂದರೊಳಗ."

"ಹೆಂಗ ಬಿಡ್ತಾಳ?"

"ಒಂದಿನ ಮರಿ ಎಂದಿನಂಗ ಹಿಂದ ಬರತೈತಿ. ಆಕಿ ತಿರುಗಿ ನಿಂತು ಹಲ್ಲು ತೋರಿಸ್ತಾಳ. ಆಟ ಅನ್ಕೊಂಡು ಅದು ಇನ್ನೂ ಹತ್ರ ಬರತೈತಿ. ಹೊಡೀತಾಳ."

"ನಾ ಕರಡಿ ಅಲ್ಲ."

"ಅದು ಕರಡಿ."

"ಹೊಡೀದನ ಬಿಟ್ಟು ತೋರಿಸ್ತೀನಿ ನೋಡ್ರಿ."

"ತೋರಿಸು."

ಹುಲಿಗೆವ್ವ ಬುತ್ತಿ ಕಟ್ಟಿಕೊಂಡು ಗುಡ್ಡಪ್ಪನ ಜೊತೆ ಹೊರಟಳು. ಎರಡು ದಿನದ ದಾರಿ ನಡೆದು, ಏಳು ಗುಡ್ಡ ದಾಟಿ, ದೊಡ್ಡ ಹುತ್ತಗಳಿರುವ ಒಂದು ಅಡವಿಗೆ ಬಂದಳು. ಅವನು ಕವಳೆ ಹಣ್ಣು ತಿನ್ನುತ್ತಿರುವಾಗ ಸದ್ದು ಮಾಡದೆ ಹಿಂದೆ ಸರಿದಳು. ಹೆಜ್ಜೆಯ ವಾಸನೆ ಸಿಗದಿರಲೆಂದು ಹಳ್ಳದ ನೀರಿನಲ್ಲೇ ನಡೆದಳು. ದಾರಿಯುದ್ದಕ್ಕೂ ಕಣ್ಣೊರೆಸಿಕೊಂಡಳು. ಕಾಲು ಬಾತು, ಸೀರೆ ಹರಿದು, ಅವನನ್ನು ಬಿಟ್ಟ ಮೂರನೆಯ ದಿನ ಗವಿ ಮುಟ್ಟಿದಳು.

ಗುಡ್ಡಪ್ಪ ಅಜ್ಜನ ಪಕ್ಕದಲ್ಲಿ ಕೂತು ಬಾಳೆಹಣ್ಣು ತಿನ್ನುತ್ತಿದ್ದ.

"ನಿನ್ನೇನ ಬಂದ," ಅಂದ ಅಜ್ಜ. "ನೀ ಎಲ್ಲಿ ದಾರಿ ತಪ್ಪಿದೆಯೋ ಅಂತ ಕಾಳಜಿ ಮಾಡಾಕತ್ತಿದ್ದ."

ಅದೇ ಹೊತ್ತಿಗೆ ಕೆಳಗಿಂದ ಗಾದಿಲಿಂಗಪ್ಪನ ಆಳು ಬಂದ. ಮಂಟಪ ಮುಗಿದಿದೆ, ಹೊಸ ಬಳೆ ಬಂದಿದೆ, ಸೋಮವಾರ ಮುಂಜಾನೆ ಜನ ಕಟ್ಟಿಕೊಂಡು ಬರುತ್ತಾರೆ ಎಂದ.

"ಬ್ಯಾಡ ಅಂದ್ರ?" ಅಂದಳು ಹುಲಿಗೆವ್ವ.

"ಗವಿ ಊರಿಂದು. ಗವಿಯಾಗಿನ ಕರಡೀನೂ ಊರಿಂದು ಅಂದಾರ್ರಿ ಗೌಡ್ರು."

ಆಳು ಹೋದ ಮೇಲೆ ಹುಲಿಗೆವ್ವ ಮೊದಲ ಬಾರಿಗೆ ಅಜ್ಜನ ಕಾಲು ಹಿಡಿದಳು.

"ನೀವು ಹೊಡದು ಓಡಸ್ರಿ. ನನ್ನ ಕೈಲಿ ಆಗಂಗಿಲ್ಲ. ಮೂಗು ಚುಚ್ಚಿದ್ರ ಅದು ಸತ್ತಂಗ."

ಅಜ್ಜ ಕೋಲೆತ್ತಿ ಗುಡ್ಡಪ್ಪನ ಬೆನ್ನಿಗೆ ಒಂದು ಬಾರಿಸಿದ.

ಗುಡ್ಡಪ್ಪ ಕಿರುಚಿ ಓಡಿದ. ಓಡಿದ್ದು ನೇರ ಹುಲಿಗೆವ್ವನ ಹಿಂದಕ್ಕೆ. ಆಕೆಯ ಕಂಕುಳಲ್ಲಿ ಮೂತಿ ಹುದುಗಿಸಿ ನಡುಗಿದ. ಅಷ್ಟು ದೊಡ್ಡ ಕರಡಿಗೆ ಕಂಕುಳು ಎಲ್ಲಿ ಸಾಲಬೇಕು, ಮೂತಿಯೊಂದು ಒಳಗೆ, ಉಳಿದದ್ದೆಲ್ಲ ಹೊರಗೆ.

"ಕಂಡೇನು? ನಾ ಹೊಡದ್ರ ನಿನ್ನ ಕಡೆ ಓಡ್ತಾನ," ಅಂದ ಅಜ್ಜ. "ನೀ ಹೊಡದ್ರ ಎಲ್ಲಿಗೆ ಓಡ್ತಾನ?"

ಹುಲಿಗೆವ್ವ ಬಂಡೆಗಳ ಕಡೆ ನೋಡಿದಳು.

"ಅವತ್ತು ಅಲ್ಲೇ ಇಟ್ಟು ಬಾ ಅಂದಿದ್ರಿ," ಅಂದಳು ಕೊನೆಗೆ. "ನಿಮ್ಮ ಮಾತು ಕೇಳಿದ್ರ ಇವತ್ತು ಈ ಸಂಕಟ ಇರ್ತಿರಲಿಲ್ಲ."

"ಕರಡೀನೂ ಇರ್ತಿರಲಿಲ್ಲ. ಅವತ್ತು ನಾ ತಪ್ಪಿದ್ದೆ, ನೀ ಸರಿ ಇದ್ದಿ."

"ಮತ್ತ ಇವತ್ತು?"

"ಇವತ್ತು ನಾ ಏನೂ ಹೇಳಾಕ ಒಲ್ಲೆ. ಹೇಳಿದ್ರ ನೀ ಉಲ್ಟಾ ಮಾಡ್ತಿ."

ಸೋಮವಾರ ಬಂತು. ಗಾದಿಲಿಂಗಪ್ಪನ ಜೊತೆ ಎಂಟು ಜನ ಎಂದು ಒಬ್ಬರು, ಇಪ್ಪತ್ತು ಎಂದು ಇನ್ನೊಬ್ಬರು. ಹಲಗೆ ಬಾರಿಸುವವನು ಒಬ್ಬನೇ ಎಂಬುದರಲ್ಲಿ ಎಲ್ಲರೂ ಒಂದೇ. ಹಗ್ಗ, ಬಲೆ, ದಬ್ಬಣ, ಆರತಿ ತಟ್ಟೆ. ತಟ್ಟೆಯಲ್ಲಿ ಕುಂಕುಮದ ನಡುವೆ ಹೊಸ ಬಳೆ.

"ಹುಲಿಗೆವ್ವ, ಕರಿಯವ್ವ ಅವನ್ನ," ಅಂದ ಗಾದಿಲಿಂಗಪ್ಪ. "ಬೆಲ್ಲ ತಂದೀನಿ. ನೋವಾಗದಂಗ ಮುಗಿಸಿಬಿಡೋಣ."

ಹುಲಿಗೆವ್ವ ಅಜ್ಜನ ಕಂಬಳಿ ಹೊದ್ದು ಒಲೆಯ ಮುಂದೆ ಕೂತಿದ್ದಳು. ಎದ್ದಳು. ಒಲೆಯಿಂದ ಉರಿಯುವ ಕೊಳ್ಳಿ ಎಳೆದುಕೊಂಡಳು.

ಗಾದಿಲಿಂಗಪ್ಪ ತನಗೇ ಬಂತೆಂದು ನಾಲ್ಕು ಹೆಜ್ಜೆ ಹಿಂದೆ ಹೋದ.

ಆಕೆ ಅವನ ಕಡೆ ನೋಡಲೂ ಇಲ್ಲ. ಅಂಗಳದಲ್ಲಿ ಕೂತಿದ್ದ ಗುಡ್ಡಪ್ಪನ ಕಡೆ ಓಡಿದಳು. ಓಡುತ್ತ ಕೂಗಿದಳು. ಮಾತಿನ ಕೂಗಲ್ಲ. ಹೊಟ್ಟೆಯೊಳಗಿಂದ ಬಂದ ಗರ್ಜನೆ.

ಗುಡ್ಡಪ್ಪನಿಗೆ ಖುಷಿಯಾಯಿತು. ಆಟವೆಂದುಕೊಂಡ. ಮಲಗಿ ಹೊಟ್ಟೆ ಮೇಲೆ ಮಾಡಿದ.

ಹುಲಿಗೆವ್ವ ಹೊಡೆದಳು.

ಮೂತಿಯ ಮೇಲೆ ಹೊಡೆದಳು. ಕಿಡಿ ಹಾರಿತು. ಕೂದಲು ಸುಟ್ಟ ವಾಸನೆ ಬಂತು. ಗುಡ್ಡಪ್ಪ ಎದ್ದ. ಆಕೆಯ ಕಂಕುಳು ಹುಡುಕಿಕೊಂಡು ಬಂದ. ಮತ್ತೆ ಹೊಡೆದಳು. ಅವನು ಮತ್ತೆ ಬಂದ. ಇನ್ನೊಮ್ಮೆ ಹೊಡೆದಳು.

ಗುಡ್ಡಪ್ಪ ನಿಂತ. ಮೊದಲ ಸಲ ಆಕೆಯನ್ನು ದೂರದಿಂದ ನೋಡುವವನಂತೆ ನೋಡಿದ. ಆಮೇಲೆ ಹಿಂಗಾಲ ಮೇಲೆ ಎದ್ದ.

ಅವನು ಅಷ್ಟು ಎತ್ತರವಿದ್ದಾನೆಂದು ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ. ಅವನಿಗೂ ಗೊತ್ತಿದ್ದಂತಿಲ್ಲ.

ಪಂಜ ಬೀಸಿದ. ಕಂಬಳಿ ಹೆಗಲಿನಿಂದ ಸೊಂಟದವರೆಗೆ ಸೀಳಿತು. ಒಳಗಿನ ಕುಬುಸ ಸೀಳಿತು. ಅದರೊಳಗಿನ ಚರ್ಮವೂ ಸೀಳಿತು.

ಹುಲಿಗೆವ್ವ ಬೀಳಲಿಲ್ಲ. ಅವನ ಮುಖಕ್ಕೆ ಮುಖ ಕೊಟ್ಟು ಗರ್ಜಿಸಿದಳು. ಅವನೂ ಗರ್ಜಿಸಿದ. ಬೆಟ್ಟ ಎರಡನ್ನೂ ಒಂದೇ ದನಿಯಲ್ಲಿ ತಿರುಗಿ ಹೇಳಿತು.

ಹಲಗೆ ಬೆಟ್ಟದಿಂದ ಕೆಳಗೆ ಉರುಳಿಕೊಂಡು ಹೋಯಿತು. ಹಲಗೆಯವನು ಅದಕ್ಕಿಂತ ಮುಂದೆ ಹೋದ. ಮೂವರು ಹುಣಸೆ ಮರ ಹತ್ತಿದರು. ಕರಡಿಗೆ ಮರ ಹತ್ತಲು ಬರುತ್ತದೆಂದು ನೆನಪಾಗಿ ಹತ್ತಿದ್ದಕ್ಕಿಂತ ಬೇಗ ಇಳಿದರು. ಗಾದಿಲಿಂಗಪ್ಪ ಆರತಿ ತಟ್ಟೆ ಸಮೇತ ಒಂದು ಬಂಡೆಯ ಮೇಲಿದ್ದ. ಹೇಗೆ ಹತ್ತಿದ ಎಂದು ಅವನಿಗೇ ತಿಳಿಯದು.

ಗುಡ್ಡಪ್ಪ ತಿರುಗಿ ಬಂಡೆಗಳ ಕಡೆ ನಡೆದ. ಓಡಲಿಲ್ಲ. ದೊಡ್ಡ ಬಂಡೆಯ ನೆತ್ತಿಯಲ್ಲಿ ನಿಂತು ಹಿಂದೆ ನೋಡಿದ. ಕಿವಿ ಮುಂದೆ ಮಾಡಿ ನಿಂತ.

ಕಾಯುತ್ತಿದ್ದ.

ಒಂದು ಸಲ ಕರೆದರೆ ಸಾಕಿತ್ತು.

ಹುಲಿಗೆವ್ವ ಹರಿದ ಕಂಬಳಿಯ ಅಂಚನ್ನು ಬಾಯಲ್ಲಿ ತುರುಕಿಕೊಂಡು ಹಲ್ಲು ಕಚ್ಚಿದಳು. ಹೆಗಲಿನಿಂದ ರಕ್ತ ಮೊಣಕೈಗಿಳಿದು ತೊಟ್ಟಿಕ್ಕುತ್ತಿತ್ತು. ಅಜ್ಜ ಬಾಗಿಲಲ್ಲಿ ನಿಂತಿದ್ದ. ಕರೆಯಬೇಡ ಎನ್ನಲಿಲ್ಲ. ಕರೆ ಎಂದೂ ಅನ್ನಲಿಲ್ಲ.

"ಕರಿಯವ್ವ!" ಗಾದಿಲಿಂಗಪ್ಪ ಬಂಡೆಯ ಮೇಲಿಂದ ಒದರಿದ. "ಈಗ ಬರತೈತಿ! ಕರಿ!"

ಹುಲಿಗೆವ್ವ ತಲೆಯಾಡಿಸಿದಳು.

"ನಾನ ಕರೀತೀನಿ. ಗುಡ್ಡಪ್ಪಾ! ಏ ಗುಡ್ಡಪ್ಪಾ! ಬಾರೋ, ಬೆಲ್ಲ ಐತಿ!"

ಗುಡ್ಡಪ್ಪ ಬಂದ. ಮೂರು ನೆಗೆತದಲ್ಲಿ ಬಂದ, ಹಲ್ಲು ಬಿಟ್ಟುಕೊಂಡು ಬಂದ. ಬೆಲ್ಲದ ಕಡೆ ಕಣ್ಣೂ ಹಾಯಿಸಲಿಲ್ಲ. ಗಾದಿಲಿಂಗಪ್ಪನ ಬಂಡೆಯ ಬುಡಕ್ಕೆ ಪಂಜದಿಂದ ಒಂದು ಬಡಿದ. ಆರತಿ ತಟ್ಟೆ ಕೈಬಿಟ್ಟಿತು. ಕುಂಕುಮವೆಲ್ಲ ಗಾದಿಲಿಂಗಪ್ಪನ ಮೇಲೆ.

ಆಮೇಲೆ ಗುಡ್ಡಪ್ಪ ತಿರುಗಿ, ಬಂಡೆಗಳ ನಡುವೆ ಇಳಿದು, ಕಾಣದಾದ.

ಅಜ್ಜ ಅರಿಸಿನ ಅರೆದು ತಂದು ಹುಲಿಗೆವ್ವನ ಹೆಗಲಿಗೆ ಹಚ್ಚಿದ.

"ಅಳಬೇಕಂದ್ರ ಅಳು."

"ಅಳಂಗಿಲ್ಲ," ಎಂದು ಆಕೆ ಅತ್ತಳು.

ಅಜ್ಜ ಕೊಡದಿಂದ ನೀರು ಬಗ್ಗಿಸಿ ಕೊಟ್ಟ.

"ಅವ ಬದುಕ್ತಾನೇನ್ರಿ?"

"ಗೊತ್ತಿಲ್ಲ."

"ನಾ ಹೊಡದದ್ದು ಯಾಕ ಅಂತ ಎಂದರ ತಿಳೀತೈತೇನು ಅವಗ?"

"ಗೊತ್ತಿಲ್ಲ."

"ನಿಮಗ ಗೊತ್ತಿರೋದಾದ್ರೂ ಏನ್ರಿ ಅಜ್ಜಾರ?"

"ಅಲುಗಾಡಿದ್ರ ಅರಿಸಿನ ಉರೀತೈತಿ. ಸುಮ್ನ ಕೂಡು."

ಗಾದಿಲಿಂಗಪ್ಪ ಬಂಡೆಯಿಂದ ಇಳಿದು ಬಂದ. ಧೋತರ ಹರಿದಿತ್ತು. ಮುಖ ಕುಂಕುಮದಿಂದ ಕೆಂಪಾಗಿತ್ತು, ಸಿಟ್ಟಿನಿಂದಲೂ ಇರಬಹುದು.

"ಅಜ್ಜಾರ, ಮಂಟಪ ಕಟ್ಟಿಸೀನಿ. ಹತ್ತೂರಿಗೆ ಡಂಗುರ ಹೊಡೆಸೀನಿ. ನಾಳೆ ಕೂಸು ಕುನ್ನಿ ಕಟ್ಟಿಕೊಂಡು ಜನ ಬರ್ತಾರ. ನಾ ಅವರಿಗೆ ಏನಂತ ಹೇಳ್ಲಿ?"

ಮರುಳಜ್ಜ ಕೈಯ ಅರಿಸಿನ ಒರೆಸಿಕೊಂಡ.

"ಬೆಟ್ಟದಾಗ ಕರಡಿ ಐತಿ, ಅಂಜಿ ನಡೀರಿ ಅಂತ ಹೇಳು."